ನಿಮಗಿದು ಗೊತ್ತೆ? ಲಿಂಕನ್ನರ ತಂದೆಯ ಊರು

ಋಷಿಮೂಲ ಕೆದಕಬಾರದು ಎನ್ನುತ್ತಾರೆ. ಆದರೆ ಅಮೆರಿಕದ ವರ್ಜೀನಿಯಾ ರಾಜ್ಯದ ರಾಕಿಂಗ್‌ಹ್ಯಾಮ್ ಕೌಂಟಿಯಲ್ಲಿ ರಸ್ತೆ ಪಕ್ಕದ ಫಲಕವೊಂದು ಅಬ್ರಹಾಂ ಲಿಂಕನ್ನರ ಮೂಲವನ್ನೇ ಸಾರುತ್ತದೆ. ಅವರು ಹುಟ್ಟಿದ್ದು 1809ರಲ್ಲಿ, ಕೆಂಟಕಿಯಲ್ಲಿ. ಹಾಗಿದ್ದರೆ ಇದು ಬರೀ ಊರ ಜಂಬವಲ್ಲವೇ? ಜಂಬ ಇರಬಹುದು, ಸುಳ್ಳಂತೂ ಅಲ್ಲ. ಮುತ್ತಜ್ಜ ಜಾನ್ 1768ರಲ್ಲಿ ಪೆನ್ಸಿಲ್ವೇನಿಯಾದಿಂದ ಬಂದು ನೆಲೆಸಿದ್ದು ಇಲ್ಲಿ. ತಂದೆ ಥಾಮಸ್ ಹುಟ್ಟಿದ್ದೂ ವರ್ಜೀನಿಯಾದಲ್ಲೇ. ಅಜ್ಜ (ಅವರ ಹೆಸರೂ ಅಬ್ರಹಾಂ!) 1782ರ ಸುಮಾರಿಗೆ ಸಂಸಾರ ಸಮೇತ ಕೆಂಟಕಿಗೆ ಹೊರಡದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ತಂದೆ ತಾಯಿ ಇಬ್ಬರೂ ವರ್ಜೀನಿಯಾದಲ್ಲಿ ಹುಟ್ಟಿದವರೆಂದು ಸ್ವತಃ ಲಿಂಕನ್ 1859ರಲ್ಲಿ ಬರೆದುಕೊಂಡಿದ್ದಾರೆ. ಎರಡೇ ವರ್ಷದಲ್ಲಿ ಅದೇ ವರ್ಜೀನಿಯಾ ಒಕ್ಕೂಟದಿಂದ ಸಿಡಿದು, ಗುಲಾಮಗಿರಿ ಉಳಿಸಹೊರಟ ದಕ್ಷಿಣದ ರಾಜ್ಯಗಳ ಜೊತೆ ಸೇರಿ ಅಧ್ಯಕ್ಷ ಲಿಂಕನ್ನರ ಮೇಲೆಯೇ ಯುದ್ಧಕ್ಕೆ ನಿಂತಿತು.