ಹಿತ್ತಲಲ್ಲಿ ಬಡಿಸಿದ ಸನ್ಮಾನ

ಮದುವೆಗೆ ಆದರದಿಂದ ಕರೆದು, ಎಲೆಯನ್ನು ಮಾತ್ರ ಹಿತ್ತಲಲ್ಲಿ ಹಾಕಿದರೆ ಬಂದ ಅತಿಥಿ ಏನು ಮಾಡಬೇಕು? ಉಂಡು ಸುಮ್ಮನಿರಬೇಕೇ, ಎದ್ದು ಹೋಗಬೇಕೇ? 1989ರಲ್ಲಿ ಅಮೆರಿಕೆಯ ರ‍್ಯಾಪ್ ಕಲಾವಿದರ ಮುಂದೆ ನಿಂತ ಪ್ರಶ್ನೆ ಇಂಥದೇ.

ತಾಳಕ್ಕೆ ಹೊಂದಿಕೊಂಡು, ಪ್ರಾಸಬದ್ಧವಾದ ಮಾತನ್ನು ವೇಗವಾಗಿ ನುಡಿಯುವ ಕಲೆಯೇ ರ‍್ಯಾಪ್. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ವಿಭಾಗದಲ್ಲಿ, ಬಡತನದ ನಡುವೆ ಬೆಳೆದ ಕರಿಯ ತರುಣರು 1970ರ ದಶಕದಲ್ಲಿ ಇದಕ್ಕೆ ರೂಪ ಕೊಟ್ಟರು. 1979ರಲ್ಲಿ ಷುಗರ್‌ಹಿಲ್ ಗ್ಯಾಂಗ್ ತಂಡದ ‘ರ‍್ಯಾಪರ್ಸ್ ಡಿಲೈಟ್’ ಎಂಬ ಧ್ವನಿಮುದ್ರಿಕೆ ಇದನ್ನು ಬೀದಿಯಿಂದ ಮನೆಮನೆಗೆ ಮುಟ್ಟಿಸಿತು. ಧ್ವನಿಮುದ್ರಣ ಉದ್ಯಮದ ಅತ್ಯುಚ್ಚ ಗೌರವವೆನಿಸಿದ ಗ್ರ್ಯಾಮಿ ಪ್ರಶಸ್ತಿಯ ಪ್ರದಾನ 1959ರಿಂದಲೂ ನಡೆದುಬಂದಿತ್ತು. ಗ್ರಾಮಫೋನಿನ ಹೆಸರನ್ನೂ ಆಕಾರವನ್ನೂ ತಳೆದ ಆ ಪಾರಿತೋಷಕದಲ್ಲಿ ರ‍್ಯಾಪ್‌ಗೆಂದೇ ಒಂದು ವಿಭಾಗ ಏರ್ಪಟ್ಟದ್ದು 1989ರಲ್ಲಿ.

ಸಂತೋಷಪಡಬೇಕಾದ ಸಂಗತಿಯೇ. ಆದರೆ ಈ ಪ್ರಶಸ್ತಿಯ ಪ್ರದಾನವನ್ನು ಟೆಲಿವಿಷನ್ನಿನಲ್ಲಿ ತೋರಿಸುವುದಿಲ್ಲವೆಂದು ನಿರ್ಧಾರವಾಯಿತು. ವಿಭಾಗಗಳು 70ಕ್ಕೂ ಹೆಚ್ಚು, ಪ್ರಸಾರದ ಅವಧಿ ಅಲ್ಪ, ಎಂಬುದು ವ್ಯವಸ್ಥಾಪಕರು ಕೊಟ್ಟ ಕಾರಣ. ಕಲಾವಿದರು ಒಪ್ಪಲಿಲ್ಲ. ಸ್ಪರ್ಧೆಯಲ್ಲಿದ್ದ ಐವರ ಪೈಕಿ ಡಿಜೆ ಜಾಝಿ ಜೆಫ್ ಮತ್ತು ಫ್ರೆಶ್ ಪ್ರಿನ್ಸ್ ಜೋಡಿ, ಎಲ್ ಎಲ್ ಕೂಲ್ ಜೆ, ಸಾಲ್ಟ್-ಎನ್-ಪೆಪಾ ತಂಡ, ಈ ಮೂವರೂ ಸಮಾರಂಭವನ್ನು ಬಹಿಷ್ಕರಿಸಿದರು. ಕೂಲ್ ಮೋ ಡೀ ಮಾತ್ರ ಬೇರೆ ದಾರಿ ಹಿಡಿದು, ಅದೇ ವೇದಿಕೆಯನ್ನೇರಿ ತಮ್ಮ ಕಲೆಯ ಪರವಾಗಿ ರ‍್ಯಾಪ್‌ನಲ್ಲೇ ನುಡಿದರು. ಪ್ರಶಸ್ತಿ ಬಂದದ್ದು ಹೊರಗುಳಿದ ಜೆಫ್ ಜೋಡಿಗೆ. ಗೆದ್ದ ಹಾಡಿನ ವಿಷಯವನ್ನು ಕೇಳಿದರೆ ವಾಚಕರು ನಕ್ಕಾರು: ಮಕ್ಕಳ ಮನಸ್ಸು ತಂದೆತಾಯಿಗಳಿಗೆ ತಿಳಿಯದು ಎಂಬುದೇ ಅದರ ವಿನೋದ! ಜೋಡಿಯಲ್ಲಿ ಫ್ರೆಶ್ ಪ್ರಿನ್ಸ್ ಎನಿಸಿಕೊಂಡವರು ಮುಂದೆ ಚಲಚ್ಚಿತ್ರ ನಟರಾಗಿ ಪ್ರಖ್ಯಾತರಾದ ವಿಲ್ ಸ್ಮಿತ್.

ಅನಂತರ ವಿಭಾಗಗಳು ಒಡೆದವು, ಕೂಡಿದವು. 1991ರಲ್ಲಿ ಏಕವ್ಯಕ್ತಿಗೊಂದು, ತಂಡಕ್ಕೊಂದು ಎಂದು ಪ್ರಶಸ್ತಿ ಎರಡಾಯಿತು. 1996ರಲ್ಲಿ ರ‍್ಯಾಪ್ ಆಲ್ಬಂಗೆ ಪ್ರತ್ಯೇಕ ಪ್ರಶಸ್ತಿ ಬಂದಿತು. 2003ರಲ್ಲಿ ಏಕವ್ಯಕ್ತಿ ವಿಭಾಗವನ್ನು ಪುರುಷ, ಮಹಿಳೆ ಎಂದು ವಿಂಗಡಿಸಿದರಾದರೂ ಆ ಏರ್ಪಾಡು ಎರಡೇ ವರ್ಷ ಬಾಳಿತು. ಎರಡು ಬಾರಿಯೂ ಮಹಿಳಾ ಪ್ರಶಸ್ತಿ ಮಿಸ್ಸಿ ಎಲಿಯಟ್ ಅವರದಾಯಿತು. 2012ರಲ್ಲಿ ಏಕವ್ಯಕ್ತಿ, ತಂಡ ಎಂಬ ಭೇದವೂ ಅಳಿದು ಎಲ್ಲವೂ ಮರಳಿ ಒಂದಾದವು.

ಇವೆಲ್ಲ ರ‍್ಯಾಪ್‌ನ ಸ್ವಂತ ಕೋಣೆಯೊಳಗಿನ ವ್ಯವಸ್ಥೆ. ನಡುಮನೆಯ ಬಾಗಿಲು ತೆರೆದದ್ದು ಬಹು ನಿಧಾನವಾಗಿ. ಸಂಗೀತದ ಎಲ್ಲ ಪ್ರಕಾರಗಳೂ ಸ್ಪರ್ಧಿಸುವ ‘ವರ್ಷದ ಹಾಡು’, ‘ವರ್ಷದ ಮುದ್ರಿಕೆ’ ಎಂಬೆರಡು ಹಿರಿಯ ಪ್ರಶಸ್ತಿಗಳು ರ‍್ಯಾಪ್ ಕೃತಿಯೊಂದಕ್ಕೆ ಮೊತ್ತಮೊದಲು ಸಂದದ್ದು 2019ರಲ್ಲಿ, ಚೈಲ್ಡಿಶ್ ಗ್ಯಾಂಬಿನೊ ಅವರ ‘ದಿಸ್ ಈಸ್ ಅಮೆರಿಕ’ಕ್ಕೆ. ಅಂದೂ ವಿಜೇತರು ಸಭೆಯಲ್ಲಿರಲಿಲ್ಲ! 2025ರಲ್ಲಿ ಕೆಂಡ್ರಿಕ್ ಲಮಾರ್ ‘ನಾಟ್ ಲೈಕ್ ಅಸ್’ ಕೃತಿಗಾಗಿ ಇವೆರಡೂ ಸೇರಿ ಐದು ಪ್ರಶಸ್ತಿ ಗೆದ್ದು, ಹಿರಿಯ ಗೌರವಗಳನ್ನು ವೇದಿಕೆಯ ಮೇಲೆ ತಾವೇ ಸ್ವೀಕರಿಸಿದರು.

ಹೊಸ ಕಲೆಗೆ ಬೇರೆ ಎಲೆ ಹಾಕುವುದು ಸುಲಭ. ಎಲ್ಲರ ಪಂಕ್ತಿಯಲ್ಲಿ ಅದನ್ನು ಕುಳ್ಳಿರಿಸುವುದಕ್ಕೆ 30 ವರ್ಷ ಹಿಡಿಯಿತು.