ಪ್ಲೇಗ್ ರೋಗಾಣು ಮತ್ತು ಇಲಿಗಳ ಆನುವಂಶಿಕ ನಿರೋಧಕ ಶಕ್ತಿ: ಸಾರ್ವಜನಿಕರಿಗೆ ಮಾಹಿತಿ

ಇಲಿಗಳ ಹಾವಳಿಯ ಬಗ್ಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ "ಮನೆಯಲ್ಲಿ ಇಲಿ ಬಿದ್ದಿಲ್ಲ, ಆದ್ದರಿಂದ ರೋಗದ ಭಯವಿಲ್ಲ" ಎಂಬ ನಂಬಿಕೆ ಇರುವುದುಂಟು. ಈ ನಂಬಿಕೆಯು ಹಿರಿಯರ ಅನುಭವದಿಂದ ಬಂದದ್ದಾದರೂ ಪೂರ್ಣ ಸತ್ಯವಲ್ಲ. ಇದರ ಕಾರಣವನ್ನು ಕೆಳಗೆ ವಿವರಿಸಲಾಗಿದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ರೋಗವು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಗೂ ಹರಡಿ, 1898ರಲ್ಲಿ ಹುಬ್ಬಳ್ಳಿಯಲ್ಲಿ ತೀವ್ರ ಸ್ವರೂಪ ತಾಳಿತು. ಹಾಫ್ಕಿನ್ ಅವರು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ಹುಬ್ಬಳ್ಳಿಯ ಸಾವಿರಾರು ನಾಗರಿಕರಿಗೆ ಹಾಕಲಾಯಿತು. ಇಲ್ಲಿ ಲಸಿಕೆ ಪಡೆದವರ ಹಾಗೂ ಪಡೆಯದವರ ಮರಣದ ಅಂಕಿ ಅಂಶಗಳು ಹೊರದೇಶಗಳಲ್ಲಿಯೂ ಚರ್ಚೆಗೆ ಬಂದವು. ಆ ಕಾಲದಲ್ಲಿ ಇಲಿ ಬಿದ್ದ ಕೂಡಲೇ ಜನರು ಮನೆ ತೊರೆದು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಈ ಪದ್ಧತಿಯು ಸರಿಯಾದದ್ದೇ ಆಗಿತ್ತು. ಇಲಿ ಸತ್ತು ಅದರ ದೇಹ ತಣ್ಣಗಾದಾಗ ಅದರ ಮೇಲಿದ್ದ ಚಿಗಟಗಳು ಬೇರೆ ಆಸರೆಯನ್ನು ಅರಸಿ ಮನುಷ್ಯರನ್ನು ಕಚ್ಚುತ್ತವೆ.

ಆದರೆ ಎಲ್ಲ ಇಲಿಗಳೂ ಒಂದೇ ರೀತಿ ಸಾಯುವುದಿಲ್ಲ. 1905ರಿಂದ ಕಾರ್ಯನಿರ್ವಹಿಸಿದ ಪ್ಲೇಗ್ ಸಂಶೋಧನಾ ಆಯೋಗದ ಪ್ರಯೋಗಗಳಲ್ಲಿ, ರೋಗವು ವರ್ಷಗಟ್ಟಲೆ ನೆಲೆಸಿದ್ದ ಮುಂಬಯಿಯ ಇಲಿಗಳ ಪೈಕಿ ಅನೇಕವು ರೋಗಾಣುವನ್ನು ಚುಚ್ಚಿದರೂ ಬದುಕಿದವು. ಪ್ಲೇಗ್ ಅಷ್ಟಾಗಿ ತಗಲದಿದ್ದ ಮದರಾಸಿನ ಇಲಿಗಳು ಬಹುಬೇಗ ಸತ್ತವು. ದುರ್ಬಲವಾದವು ಸತ್ತು, ತಾಳಿಕೊಂಡವುಗಳ ಸಂತತಿಯೇ ಬೆಳೆದದ್ದು ಇದಕ್ಕೆ ಮುಖ್ಯ ಕಾರಣವೆಂದು ತಿಳಿಯಲಾಯಿತು.

ಬೀದಿಯಲ್ಲಿ ಹಿಡಿದ ಇಲಿಯು ಹಿಂದೊಮ್ಮೆ ಸೋಂಕು ತಗುಲಿ ಗುಣವಾಗಿಯೂ ಶಕ್ತಿ ಗಳಿಸಿರಬಹುದು ಎಂಬ ಸಂಶಯ ಇಲ್ಲಿ ಸಹಜ. ಈ ಸಂಶಯಕ್ಕೆ ಎಡೆಯಿಲ್ಲದಂತೆ ಪ್ರಯೋಗಾಲಯಗಳಲ್ಲಿ ಶುದ್ಧ ತಳಿಯ ಚಿಕ್ಕ ಇಲಿಗಳನ್ನು ಬಳಸಲಾಗುತ್ತದೆ. ಒಡಹುಟ್ಟಿದ ಇಲಿಗಳನ್ನೇ 20 ಅಥವಾ ಹೆಚ್ಚು ತಲೆಮಾರುಗಳವರೆಗೆ ಕೂಡಿಸುವುದರಿಂದ ಒಂದು ತಳಿಯ ಎಲ್ಲ ಇಲಿಗಳ ಜೀನುಗಳು ಬಹುತೇಕ ಒಂದೇ ಆಗಿರುತ್ತವೆ. ಸಾಲ್ಮೊನೆಲ್ಲಾ ರೋಗಾಣುವನ್ನು ಒಂದೇ ಪ್ರಮಾಣದಲ್ಲಿ ಕೊಟ್ಟಾಗ ಕೆಲವು ತಳಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ, ಕೆಲವು ಬದುಕುತ್ತವೆ. ಇದಕ್ಕೆ ಕಾರಣವಾದ ಎನ್‌ರಾಂಪ್-1 ಎಂಬ ಜೀನನ್ನು 1993ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು ಗುರುತಿಸಿದರು. ರೋಗಾಣುವನ್ನು ನುಂಗುವ ರಕ್ಷಕ ಕೋಶದೊಳಗೆ, ರೋಗಾಣುವಿಗೆ ಬೇಕಾದ ಕಬ್ಬಿಣ, ಮ್ಯಾಂಗನೀಸ್ ಮುಂತಾದ ಲೋಹಾಂಶಗಳನ್ನು ಹೊರಹಾಕುವ ಪಂಪಿನಂತಹ ಪ್ರೋಟೀನನ್ನು ಈ ಜೀನು ತಯಾರಿಸುತ್ತದೆ. ಆ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಪಂಪು ಕೆಲಸ ಮಾಡುವುದಿಲ್ಲ. ಸಾಲಿನಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಲೆಕ್ಕ ಕೆಟ್ಟಂತೆ.

ಪ್ಲೇಗ್ ವಿಷಯವು ಇಷ್ಟು ಸರಳವಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪ್ಲೇಗನ್ನು ತಾಳಿಕೊಳ್ಳುವ ಒಂದು ಕಾಡು ಜಾತಿಯ ಚಿಕ್ಕ ಇಲಿಯನ್ನು ಸಾಮಾನ್ಯ ತಳಿಯೊಂದಿಗೆ ಕೂಡಿಸಿ ನೋಡಿದಾಗ, ಈ ಶಕ್ತಿಯು ಒಂದಕ್ಕಿಂತ ಹೆಚ್ಚು ಜೀನುಗಳಿಂದ ಬರುತ್ತದೆಂದು ಕಂಡುಬಂದಿರುತ್ತದೆ. ಮನುಷ್ಯರಲ್ಲಿಯೂ ಇಂತಹ ವ್ಯತ್ಯಾಸಗಳಿವೆ. ಆದರೆ ಆಹಾರ, ವಯಸ್ಸು, ಚಿಕಿತ್ಸೆ ದೊರೆತ ಸಮಯ ಇವೂ ಅಷ್ಟೇ ಮುಖ್ಯ. "ನಮ್ಮ ಮನೆತನದವರಿಗೆ ಯಾವ ಜ್ವರವೂ ತಟ್ಟುವುದಿಲ್ಲ" ಎಂದು ಯಾರೂ ಸುಮ್ಮನಿರತಕ್ಕದ್ದಲ್ಲ.

ರೋಗವನ್ನು ತಾಳಿಕೊಳ್ಳುವ ಇಲಿಯು ಸಾಯುವುದಿಲ್ಲವಾದ್ದರಿಂದ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇಲಿ ಜ್ವರದಲ್ಲಂತೂ ಇಲಿಯು ಆರೋಗ್ಯವಾಗಿಯೇ ಇದ್ದು ಮೂತ್ರದ ಮೂಲಕ ರೋಗಾಣುವನ್ನು ಹೊರಹಾಕುತ್ತಿರುತ್ತದೆ. 1994ರಲ್ಲಿ ಸೂರತ್ ಹಾಗೂ ಬೀಡ್‌ನಲ್ಲಿ ಪ್ಲೇಗ್ ಮರುಕಳಿಸಿದ್ದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಆದುದರಿಂದ ಮಹಾನಗರ ಪಾಲಿಕೆಗೆ ಅರ್ಜಿ ಸಲ್ಲಿಸುವವರು ಸತ್ತ ಇಲಿಗಳಿಗಾಗಿ ಕಾಯದೆ, ಬಿಲಗಳು ಇರುವ ಸ್ಥಳ, ವಾರ್ಡ್, ಕಸ ಹಾಗೂ ಚರಂಡಿಯ ಸ್ಥಿತಿಯನ್ನು ಬರೆದು ಕೊಡುವುದು. ಒಮ್ಮೆಲೇ ಹಲವು ಇಲಿಗಳು ಸತ್ತಿದ್ದರೆ ಅದನ್ನು ಪ್ರತ್ಯೇಕವಾಗಿ ನಮೂದಿಸಿ, ಅವುಗಳನ್ನು ಬರಿಗೈಯಿಂದ ಮುಟ್ಟದೆ ಕೂಡಲೇ ಆರೋಗ್ಯ ಸಿಬ್ಬಂದಿಗೆ ತಿಳಿಸುವುದು. ತೀವ್ರ ಜ್ವರದೊಂದಿಗೆ ತೊಡೆಯ ಸಂದಿನಲ್ಲಾಗಲಿ ಕಂಕುಳಲ್ಲಾಗಲಿ ನೋವಿನ ಗಡ್ಡೆ ಕಂಡುಬಂದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗುವುದು. ಬೇಗ ಆರಂಭಿಸಿದಲ್ಲಿ ಆಂಟಿಬಯೋಟಿಕ್ ಔಷಧಿಗಳಿಂದ ಪ್ಲೇಗ್ ಗುಣವಾಗುತ್ತದೆ.