ಕಾಲೇಜು ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಳ್ಳುವ ಬಗೆ

ಎತ್ತು ಕೊಳ್ಳಲು ಜಾತ್ರೆಗೆ ಹೋಗುವ ರೈತನು ಅದರ ಹಲ್ಲನ್ನು ಎಣಿಸದೆ, ಗೊರಸನ್ನು ನೋಡದೆ, ನಾಲ್ಕು ಹೆಜ್ಜೆ ನಡೆಯಿಸದೆ ಹಣದ ಗಂಟನ್ನು ಬಿಚ್ಚುವುದಿಲ್ಲ. ಮೈಬಣ್ಣಕ್ಕೂ ಕೊಂಬಿನ ಅಲಂಕಾರಕ್ಕೂ ಮರುಳಾಗಿ ಬೆಲೆ ಕಟ್ಟಿದವನನ್ನು ಊರಿನವರು ಜಾಣನೆಂದು ಕರೆಯುವುದಿಲ್ಲ. ಆದರೆ ಅದೇ ರೈತನು, ಮಗನಿಗೋ ಮಗಳಿಗೋ ವಿಶ್ವವಿದ್ಯಾನಿಲಯದಲ್ಲಿ ಸ್ಥಳ ದೊರೆತ ಸಂತೋಷದಲ್ಲಿ ಪಟ್ಟಣಕ್ಕೆ ಹೋಗಿ, ಅಂಗಡಿಯವನು ಎದುರಿಗಿಟ್ಟ ಲ್ಯಾಪ್‌ಟಾಪನ್ನೇ ಕೊಂಡು ಬರುವುದು ಅಪರೂಪವಲ್ಲ. ಕರೆಯುವ ಹಸುವನ್ನು ಮಾರಿ ಅಥವಾ ಮನೆಯಾಕೆಯ ಒಡವೆಯನ್ನು ಒತ್ತೆಯಿಟ್ಟು ತಂದ ಹಣವು, ಎರಡನೆಯ ವರ್ಷದಲ್ಲಿಯೇ ಕುಂಟತೊಡಗುವ ಯಂತ್ರದಲ್ಲಿ ಹೂತುಹೋದರೆ ಆಗುವ ನಷ್ಟವು ಸಾಮಾನ್ಯವಾದುದಲ್ಲ. ಆದುದರಿಂದ ಈ ಯಂತ್ರದ ಹಲ್ಲನ್ನೂ ಗೊರಸನ್ನೂ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕೆಲಸವನ್ನು ತಿಳಿಯುವುದು

ಭೂಮಿಯ ಗುಣವನ್ನು ತಿಳಿಯದೆ ಬಿತ್ತನೆಯ ಬೀಜವನ್ನು ಆರಿಸುವುದು ಹೇಗೆ ತಪ್ಪೋ, ವ್ಯಾಸಂಗದ ವಿಷಯವನ್ನು ನೋಡದೆ ಯಂತ್ರವನ್ನು ಆರಿಸುವುದೂ ಹಾಗೆಯೇ ತಪ್ಪು. ಕೃಷಿ, ವಾಣಿಜ್ಯ, ಸಾಹಿತ್ಯ ಮತ್ತು ಸಾಮಾನ್ಯ ವಿಜ್ಞಾನದ ವಿದ್ಯಾರ್ಥಿಗಳಿಗೆ ವರದಿ ಬರೆಯುವುದು, ಅಂಕಿಗಳ ಕೋಷ್ಟಕ ಮಾಡುವುದು, ಪಾಠಗಳನ್ನು ಅಂತರಜಾಲದಲ್ಲಿ ನೋಡುವುದು, ಇವೇ ಮುಖ್ಯವಾದ ಕೆಲಸಗಳು. ಪ್ರಯೋಗದ ತಾಕುಗಳ ಇಳುವರಿಯನ್ನು ಲೆಕ್ಕಹಾಕಲು 'ಆರ್' ಎಂಬ ತಂತ್ರಾಂಶವೂ, ಭೂಪಟ ರಚಿಸಲು 'ಕ್ಯೂಜಿಐಎಸ್' ಎಂಬುದೂ, ಬರೆವಣಿಗೆಗೆ 'ಲಿಬ್ರೆ ಆಫೀಸ್' ಎಂಬುದೂ ಬೆಲೆಯಿಲ್ಲದೆ ದೊರೆಯುತ್ತವೆ. ಇವುಗಳಿಗೆ ಸಾಧಾರಣವಾದ ಯಂತ್ರವೇ ಸಾಕು. ಎಂಜಿನಿಯರಿಂಗ್ ನಕ್ಷೆ, ವಾಸ್ತುಶಿಲ್ಪ ಮತ್ತು ಚಲಚ್ಚಿತ್ರ ಸಂಕಲನದ ವಿದ್ಯಾರ್ಥಿಗಳಿಗೆ ಮಾತ್ರ ಹೆಚ್ಚು ಬಲವುಳ್ಳದ್ದು ಬೇಕಾಗಬಹುದು. ಯಾವ ತಂತ್ರಾಂಶಗಳು ಅವಶ್ಯವೆಂಬುದನ್ನು ಕಾಲೇಜಿನ ಅಧ್ಯಾಪಕರಿಂದಲೂ ಮೇಲಿನ ತರಗತಿಯ ವಿದ್ಯಾರ್ಥಿಗಳಿಂದಲೂ ಕೇಳಿ, ಚೀಟಿಯಲ್ಲಿ ಬರೆದುಕೊಂಡ ಮೇಲೆಯೇ ಅಂಗಡಿಯ ಮೆಟ್ಟಿಲನ್ನು ಹತ್ತುವುದು ಉತ್ತಮ.

ಎತ್ತು, ಕಣ ಮತ್ತು ಕಣಜ

ಯಂತ್ರದ ಒಳಗಣ ಅಂಗಗಳಲ್ಲಿ ಮೂರು ಮುಖ್ಯವಾದುವು. ಲೆಕ್ಕವನ್ನು ಮಾಡುವ ಪ್ರೊಸೆಸರ್ ಎಂಬುದು ದುಡಿಯುವ ಎತ್ತು. ಕೆಲಸ ನಡೆಯುತ್ತಿರುವಾಗ ಸಾಮಗ್ರಿಯನ್ನು ಹರಡಿಕೊಳ್ಳುವ ರ‍್ಯಾಮ್ ಎಂಬುದು ಕಣ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ತುಂಬಿಡುವ ಡಿಸ್ಕ್ ಎಂಬುದು ಕಣಜ. ಎತ್ತು ಎಷ್ಟು ಬಲವಾಗಿದ್ದರೂ ಕಣವು ಇಕ್ಕಟ್ಟಾಗಿದ್ದರೆ ಒಕ್ಕಣೆಯು ಸಾಗುವುದಿಲ್ಲ.

ಕಣವು, ಎಂದರೆ ರ‍್ಯಾಮ್, 8 ಜಿ.ಬಿ.ಗೆ ಕಡಿಮೆಯಿರಕೂಡದು, 16 ಜಿ.ಬಿ. ಇದ್ದರೆ ನಾಲ್ಕು ವರ್ಷದ ವ್ಯಾಸಂಗಕ್ಕೆ ನಿಶ್ಚಿಂತೆ. ವಿಂಡೋಸ್ 11ಕ್ಕೆ 4 ಜಿ.ಬಿ. ಸಾಕೆಂದು ತಯಾರಕರು ಹೇಳುವುದುಂಟು. ಅದು ಯಂತ್ರವು ಎದ್ದು ನಿಲ್ಲಲು ಬೇಕಾದ ಅಳತೆಯೇ ಹೊರತು ದುಡಿಯಲು ಬೇಕಾದ ಅಳತೆಯಲ್ಲ. ಕೆಲವು ಯಂತ್ರಗಳಲ್ಲಿ ರ‍್ಯಾಮನ್ನು ಹಲಗೆಗೆ ಬೆಸುಗೆ ಹಾಕಿರುವುದರಿಂದ ಮುಂದೆ ಹೆಚ್ಚಿಸಲು ಬರುವುದಿಲ್ಲ. ಹೆಚ್ಚಿಸಲು ಜಾಗವುಂಟೇ ಎಂಬುದನ್ನು ಮೊದಲೇ ಕೇಳತಕ್ಕದ್ದು.

ಕಣಜವು ಎಸ್.ಎಸ್.ಡಿ. ಎಂಬ ಜಾತಿಯದಾಗಿರಬೇಕು. ಹಳೆಯ ಮಾದರಿಯ ತಿರುಗುವ ಹಾರ್ಡ್ ಡಿಸ್ಕ್ ಅಗ್ಗವಾದರೂ ಬಹಳ ನಿಧಾನ. ಕುಲುಕಾಟಕ್ಕೆ ಬೇಗ ಕೆಡುವುದರಿಂದ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗೆ ಅದು ತಕ್ಕುದಲ್ಲ. 256 ಜಿ.ಬಿ. ಇದ್ದರೆ ಕೆಲಸ ನಡೆಯುತ್ತದೆ. 512 ಇದ್ದರೆ ಅನುಕೂಲ. ಅತಿ ಅಗ್ಗದ ಯಂತ್ರಗಳಲ್ಲಿ 64 ಜಿ.ಬಿ.ಯ ಇ.ಎಂ.ಎಂ.ಸಿ. ಎಂಬ ಕಿರುಕಣಜವಿರುವುದುಂಟು. ಅದು ತಂತ್ರಾಂಶದ ಸುಧಾರಣೆಗಳಿಂದಲೇ ತುಂಬಿಹೋಗುವುದರಿಂದ ಬಿಡುವುದು ಲೇಸು.

ಎತ್ತಿನ ವಯಸ್ಸನ್ನು ಅದರ ಸಂಖ್ಯೆಯಿಂದ ತಿಳಿಯಬಹುದು. ಇಂಟೆಲ್ ಕೋರ್ ಐ3-1215ಯು ಎಂಬಲ್ಲಿ ಮೊದಲಿನ 12 ಎಂಬುದು ಹನ್ನೆರಡನೆಯ ತಲೆಮಾರೆಂದು ಸೂಚಿಸುತ್ತದೆ. ಎ.ಎಂ.ಡಿ. ಕಂಪೆನಿಯ ರೈಜನ್ 7000ದ ಸಾಲಿನಲ್ಲಿ ಮೂರನೆಯ ಅಂಕಿಯನ್ನು ನೋಡಬೇಕು: 7520ಯು ಎಂಬುದು 7530ಯು ಎಂಬುದಕ್ಕಿಂತ ಹಳೆಯ ರಚನೆಯದು. ಹೆಸರಿನಲ್ಲಿ ಐ5 ಎಂದಿದ್ದ ಮಾತ್ರಕ್ಕೆ ಉತ್ತಮವೆಂದು ನಂಬಲಾಗದು. ಆರನೆಯ ತಲೆಮಾರಿನ ಐ5ಕ್ಕಿಂತ ಹನ್ನೆರಡನೆಯ ತಲೆಮಾರಿನ ಐ3 ಚುರುಕಾದುದು.

ಪರದೆ, ತೂಕ ಮತ್ತು ಬ್ಯಾಟರಿ

ಪರದೆಯು 14 ಅಥವಾ 15.6 ಅಂಗುಲವಿದ್ದು, 1920ಕ್ಕೆ 1080 ಬಿಂದುಗಳುಳ್ಳದ್ದಾಗಿದ್ದರೆ ಕಣ್ಣಿಗೆ ಆಯಾಸ ಕಡಿಮೆ. ದಿನವೂ ಹೆಗಲ ಮೇಲೆ ಹೊರುವುದಾದರೆ ತೂಕವು ಒಂದೂವರೆ ಕಿಲೋಗ್ರಾಮಿನ ಆಸುಪಾಸಿನಲ್ಲಿರುವುದು ಮೇಲು.

ವಿದ್ಯುತ್ತು ಹೋಗಿ ಬರುವ ಹಳ್ಳಿಗಳಲ್ಲಿ ಬ್ಯಾಟರಿಯೇ ಆಧಾರ. ಅದರ ಶಕ್ತಿಯನ್ನು ವಾಟ್-ಗಂಟೆಗಳಲ್ಲಿ ಬರೆದಿರುತ್ತಾರೆ. 42 ವಾಟ್-ಗಂಟೆಯ ಬ್ಯಾಟರಿಯಿರುವ ಯಂತ್ರವು ಬರೆವಣಿಗೆಯ ಕೆಲಸದಲ್ಲಿ ಗಂಟೆಗೆ 8 ವಾಟ್-ಗಂಟೆಯಷ್ಟು ಉಪಯೋಗಿಸಿದರೆ ಸುಮಾರು ಐದು ಗಂಟೆಯ ಕಾಲ ನಡೆಯುವುದು. ಜಾಹೀರಾತಿನ ಮಾತಿಗಿಂತ ಈ ಲೆಕ್ಕವು ಹೆಚ್ಚು ನಂಬಿಕೆಗೆ ಅರ್ಹವಾದುದು.

ಕನ್ನಡದಲ್ಲಿ ಬರೆಯುವವರಿಗೆ ಬೇರೆ ಕೀಲಿಮಣೆಯೇನೂ ಬೇಕಿಲ್ಲ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿಯೂ ಯೂನಿಕೋಡ್ ಕನ್ನಡವು ಒಳಗೇ ಸೇರಿರುತ್ತದೆ.

ಹೊಸದೋ, ಬಳಸಿದ್ದೋ

ಕೈಯಲ್ಲಿ ಹಣ ಕಡಿಮೆಯಿದ್ದರೆ, ಹೊಸದಾದ ಕೀಳು ಯಂತ್ರಕ್ಕಿಂತ ಬಳಸಿದ ಒಳ್ಳೆಯ ಯಂತ್ರವೇ ಎಷ್ಟೋ ವೇಳೆ ಲಾಭಕರ. ಕಚೇರಿಗಳಲ್ಲಿ ಮೂರು ನಾಲ್ಕು ವರ್ಷ ದುಡಿದು ಹೊರಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಮೊದಲಾದುವು ಗಟ್ಟಿಯಾದ ಕಟ್ಟಡವುಳ್ಳವು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗಳಲ್ಲಿ ಇವು ಮಾರಾಟಕ್ಕೆ ದೊರೆಯುತ್ತವೆ.

ಆದರೆ ಇಲ್ಲಿ ಎಚ್ಚರವು ಇಮ್ಮಡಿಯಾಗಿರಬೇಕು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ರಕ್ಷಣೆಯು 2025ನೆಯ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಅಂಥವನ್ನು ಲಿನಕ್ಸ್ ಉಪಯೋಗಿಸಲು ಸಿದ್ಧರಿರುವವರು ಮಾತ್ರ ಕೊಳ್ಳಬಹುದು. ಯಂತ್ರದಲ್ಲಿಯೇ ಬ್ಯಾಟರಿಯ ವರದಿಯನ್ನು ತೆಗೆಯಿಸಿ ನೋಡಬೇಕು: ಹುಟ್ಟಿದಾಗ 50 ವಾಟ್-ಗಂಟೆಯಿದ್ದುದು ಈಗ 30ಕ್ಕೆ ಇಳಿದಿದ್ದರೆ ನೂರಕ್ಕೆ ಅರವತ್ತರಷ್ಟು ಮಾತ್ರ ಉಳಿದಿದೆಯೆಂದು ತಿಳಿದು, ಹೊಸ ಬ್ಯಾಟರಿಯ ಬೆಲೆಯನ್ನು ಮಾತಿನಲ್ಲಿ ಮುರಿದುಕೊಳ್ಳಬೇಕು. ಕೀಲಿಗಳು, ಕ್ಯಾಮರಾ, ಪರದೆಯ ಕೀಲು, ಎಲ್ಲವನ್ನೂ ಪರೀಕ್ಷಿಸಿ, ಅರ್ಧ ಗಂಟೆಯಾದರೂ ನಡೆಯಿಸಿ ನೋಡದೆ ಹಣ ಕೊಡಕೂಡದು.

ಹಣದ ಲೆಕ್ಕ

ಬೆಲೆಯನ್ನು ಅಳೆಯುವಾಗ ಯಂತ್ರವು ಎಷ್ಟು ಕಾಲ ಬಾಳುವುದೆಂಬುದನ್ನೂ ಸೇರಿಸಿ ಅಳೆಯಬೇಕು. ಉದಾಹರಣೆಗೆ, 28,000 ರೂಪಾಯಿನ ಯಂತ್ರವು ಎರಡೇ ವರ್ಷ ಬಾಳಿದರೆ ತಿಂಗಳಿಗೆ ಸುಮಾರು 1,167 ರೂಪಾಯಿ ಬೀಳುತ್ತದೆ. 40,000 ರೂಪಾಯಿನದು ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 833 ರೂಪಾಯಿ ಮಾತ್ರ. ಹಾಗೆಂದು ಆ 40,000ವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ಕೈಸಾಲ ತಂದರೆ ಒಂದೇ ವರ್ಷದಲ್ಲಿ 14,400 ರೂಪಾಯಿ ಬಡ್ಡಿಯಾಗಿ, ಉಳಿತಾಯವೆಲ್ಲ ಕರಗಿಹೋಗುತ್ತದೆ. ವಿದ್ಯಾಭ್ಯಾಸದ ಸಾಲಕ್ಕೆ ಬ್ಯಾಂಕುಗಳು ಅನುಸರಿಸುವ ಮಾದರಿ ಯೋಜನೆಯಲ್ಲಿ, ವ್ಯಾಸಂಗಕ್ಕೆ ಅವಶ್ಯವಾದ ಕಂಪ್ಯೂಟರಿನ ನ್ಯಾಯವಾದ ಬೆಲೆಯನ್ನೂ ಖರ್ಚಿನಲ್ಲಿ ಸೇರಿಸಲು ಅವಕಾಶವುಂಟು. ಈಗಾಗಲೇ ಅಂಥ ಸಾಲಕ್ಕೆ ಅರ್ಜಿ ಹಾಕುವವರು ಇದನ್ನು ಅರ್ಜಿಯಲ್ಲಿಯೇ ಕಾಣಿಸುವುದು ಬುದ್ಧಿವಂತಿಕೆ.

ಹೊಸ ಯಂತ್ರದ ಬೆಲೆಯಲ್ಲಿ ನೂರಕ್ಕೆ 18ರ ಜಿ.ಎಸ್.ಟಿ. ಸೇರಿದೆಯೇ ಎಂದು ಕೇಳಿ, ರಸೀತಿಯನ್ನು ತಪ್ಪದೆ ಪಡೆಯಬೇಕು. ರಸೀತಿಯಿಲ್ಲದೆ ವಾರಂಟಿಯನ್ನು ಸಾಧಿಸುವುದು ಕಷ್ಟ. ರಿಪೇರಿಯ ಕೇಂದ್ರವು ಜಿಲ್ಲೆಯ ಮುಖ್ಯ ಪಟ್ಟಣದಲ್ಲಿಯಾದರೂ ಇರುವ ಕಂಪೆನಿಯದನ್ನೇ ಆರಿಸುವುದು ಮೇಲು.

ಕೊಂಡ ಮೇಲಿನ ಪಾಲನೆ

ಹಾಸಿಗೆಯ ಮೇಲಿಟ್ಟು ನಡೆಯಿಸಿದರೆ ಗಾಳಿಯ ಕಂಡಿಗಳು ಮುಚ್ಚಿ ಯಂತ್ರವು ಕಾದುಹೋಗುತ್ತದೆ. ಒಕ್ಕಣೆಯ ಧೂಳಿನಿಂದ ಅದನ್ನು ದೂರವಿಡಬೇಕು. ವರ್ಷದ ದುಡಿಮೆಯೆಲ್ಲ ಒಂದೇ ಕಣಜದಲ್ಲಿರುವುದು ಅಪಾಯವಾದುದರಿಂದ, ಮುಖ್ಯವಾದ ಬರೆಹಗಳ ಪ್ರತಿಯನ್ನು ಬೇರೆಡೆಯಲ್ಲಿಯೂ ಇಡತಕ್ಕದ್ದು. ಬೀಜವನ್ನು ಎರಡು ಮಡಕೆಯಲ್ಲಿ ಕಾಪಾಡುವ ಮನೆಗಳಿಗೆ ಇದನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ.

ಹೊಳೆಯುವ ಮೈಯನ್ನೂ ಆಟಗಳಿಗೆಂದು ಮಾಡಿದ ಬಣ್ಣದ ದೀಪಗಳನ್ನೂ ಬಿಟ್ಟು, ಅವಶ್ಯಕತೆಯನ್ನರಿತು ಕೊಂಡ ಯಂತ್ರವು ಪದವಿಯ ಕಡೆಯ ದಿನದವರೆಗೂ ದುಡಿಯುತ್ತದೆ. ಆಗ ಮಾರದೆ ಉಳಿದ ಹಸುವು ಕೊಟ್ಟಿಗೆಯಲ್ಲಿಯೇ ಇರುತ್ತದೆ. ಮಗಳ ವ್ಯಾಸಂಗವೂ ನಿಲ್ಲದೆ ಸಾಗುತ್ತದೆ.